ಅಮಲಿನಲ್ಲಿ ಅಲ್ಲಾಹನ ಸಾಮೀಪ್ಯ ಸಿಗುತ್ತದೆಯೇ?

ಜುಮಾ ನಮಾಝ್ ಮುಗಿದು ಎಲ್ಲರೂ ಹೊರಟ ಮೇಲೆ ಹೊಸಪೇಟೆಯ ಯುವಕನೊಬ್ಬ ಮಸೀದಿಯ ಮೂಲೆಯಲ್ಲಿ ಉಳಿದಿದ್ದ. ಮೆಲ್ಲಗೆ ಹೇಳಿಕೊಂಡ: "ಹಂಪಿಯ ಹೊಳೆಯಾಚೆ ಪ್ರವಾಸಿಗರ ಜೊತೆಗಿದ್ದೆ. ಅವರು ಕೊಟ್ಟ ಒಂದು ಕಾಗದದ ಚೂರನ್ನು ನಾಲಿಗೆಯ ಮೇಲಿಟ್ಟುಕೊಂಡೆ. ಬಂಡೆಗಳು ಉಸಿರಾಡುವಂತೆ ಕಂಡವು. ಅಪ್ಪ ತೀರಿಕೊಂಡಾಗಲೂ ಅಳದವನು ಆ ರಾತ್ರಿ ಮಗುವಿನಂತೆ ಅತ್ತೆ. ಅಲ್ಲಾಹನು ಅಷ್ಟು ಹತ್ತಿರವಿದ್ದಾನೆಂದು ನಮಾಝಿನಲ್ಲಿ ನನಗೆ ಎಂದೂ ಅನಿಸಿರಲಿಲ್ಲ. ಅದು ಹರಾಮ್ ಎಂದಾದರೆ, ಆ ಅಳುವೂ ಸುಳ್ಳೇ?"

"ಹರಾಮ್, ತೌಬಾ ಮಾಡು" ಎಂದು ಹೇಳಿ ಕಳುಹಿಸುವುದು ಸುಲಭ. ಆ ಮಾತು ಸರಿಯೂ ಹೌದು. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅವನು ಮತ್ತೊಮ್ಮೆ ನಮ್ಮ ಬಳಿಗೆ ಬರುವುದಿಲ್ಲ. ಅವನ ಪ್ರಶ್ನೆಗೆ ಉತ್ತರ ಕೊಡುವುದು ನಮ್ಮ ಹೊಣೆ.

ಈ ಪ್ರಶ್ನೆ ನಮ್ಮ ಸೀಮೆಗೆ ಹೊಸದಲ್ಲ. ವಿರೂಪಾಪುರ ಗಡ್ಡೆಯನ್ನು ಪ್ರವಾಸಿಗರು 'ಹಿಪ್ಪಿ ಐಲ್ಯಾಂಡ್' ಎಂದೇ ಕರೆಯುತ್ತಿದ್ದರು. ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರ ಮಾರ್ಚ್‌ನಲ್ಲಿ ಅಲ್ಲಿನ ಅಕ್ರಮ ವಸತಿಗೃಹಗಳನ್ನು ಕೆಡವಲಾಯಿತು. ಕಟ್ಟಡಗಳು ಹೋದವು, ಆದರೆ 'ಇದು ನಶೆಯಲ್ಲ, ಆತ್ಮದ ಪಯಣ' ಎಂಬ ಮಾತು ಹೋಗಲಿಲ್ಲ. ಇಂದು ಅದು ಮೊಬೈಲಿನ ಮೂಲಕ ಸಂಡೂರು, ಕಂಪ್ಲಿಯ ಮನೆಮನೆಗೂ ಬರುತ್ತಿದೆ.

ಏನಿದು ವಸ್ತು? ರೈ ಧಾನ್ಯಕ್ಕೆ ತಗಲುವ ಒಂದು ಬೂಷ್ಟಿನ ರಾಸಾಯನಿಕಗಳ ಮೇಲೆ ಕೆಲಸ ಮಾಡುತ್ತಿದ್ದ ಸ್ವಿಸ್ ವಿಜ್ಞಾನಿ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ಎಲ್‌ಎಸ್‌ಡಿ ತಯಾರಿಸಿದರು. ಅದು ಮನಸ್ಸಿನ ಮೇಲೆ ಮಾಡುವ ಪರಿಣಾಮ ತಿಳಿದದ್ದು 1943ರಲ್ಲಿ. ಕೆಲವು ಜಾತಿಯ ಅಣಬೆಗಳಲ್ಲಿರುವ ಸಿಲೋಸೈಬಿನ್ ಕೂಡ ಇದೇ ಬಗೆಯದು. ಇವು ಮೆದುಳಿನ ಸೆರೊಟೋನಿನ್ ವ್ಯವಸ್ಥೆಯ ಮೇಲೆ ಕೆಲಸ ಮಾಡಿ ಕಾಣುವುದನ್ನು, ಕೇಳುವುದನ್ನು, 'ನಾನು' ಎಂಬ ಭಾವವನ್ನೇ ಬದಲಿಸುತ್ತವೆ.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಒಂದು ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಸಿಲೋಸೈಬಿನ್ ಪಡೆದ 36 ಸ್ವಯಂಸೇವಕರಲ್ಲಿ ಹೆಚ್ಚಿನವರು ಅದನ್ನು ಜೀವನದ ಅತ್ಯಂತ ಅರ್ಥಪೂರ್ಣ ಅನುಭವಗಳಲ್ಲಿ ಒಂದೆಂದರು. ಅದೇ ಅಧ್ಯಯನದಲ್ಲಿ 11 ಮಂದಿಗೆ ತೀವ್ರ ಭಯವೂ ಆಯಿತು. ಅವರೆಲ್ಲ ಮೊದಲೇ ತಪಾಸಣೆಗೊಳಗಾದ ಆರೋಗ್ಯವಂತರು, ಪಕ್ಕದಲ್ಲೇ ತರಬೇತಾದ ವ್ಯಕ್ತಿಗಳಿದ್ದರು. ಹೊಳೆದಂಡೆಯ ಕತ್ತಲಲ್ಲಿ ಅಪರಿಚಿತ ಕೊಟ್ಟ ಕಾಗದದಲ್ಲಿ ಏನಿದೆ, ಎಷ್ಟಿದೆ ಎಂದು ಯಾರಿಗೆ ಗೊತ್ತು? ಮನೆತನದಲ್ಲಿ ಮಾನಸಿಕ ಕಾಯಿಲೆ ಇದ್ದವರಲ್ಲಿ ಇದು ಅಡಗಿದ್ದ ರೋಗವನ್ನು ಹೊರತರಬಹುದು. ಬೇಲಿಯಲ್ಲಿ ಬೆಳೆಯುವ ದತ್ತೂರಿಯಂತೂ ನೇರ ವಿಷ, ಜೀವವನ್ನೇ ತೆಗೆಯುತ್ತದೆ.

ಈಗ ದೀನ್ ಏನು ಹೇಳುತ್ತದೆ ನೋಡೋಣ. ಅಮಲು ಮತ್ತು ಜೂಜನ್ನು ಶೈತಾನನ ಕೆಲಸವೆಂದೂ, ಅವು ಅಲ್ಲಾಹನ ಸ್ಮರಣೆಯಿಂದ ತಡೆಯುತ್ತವೆಂದೂ ಪವಿತ್ರ ಕುರ್‌ಆನ್ ಎಚ್ಚರಿಸಿದೆ (5:90-91). "ಕುರ್‌ಆನಿನಲ್ಲಿ ಎಲ್‌ಎಸ್‌ಡಿ ಎಲ್ಲಿದೆ?" ಎಂದು ಕೇಳುವವರಿದ್ದಾರೆ. ಹ. ಉಮರ್(ರ) ಮಿಂಬರಿನ ಮೇಲೆ ನಿಂತು ದ್ರಾಕ್ಷಿ, ಖರ್ಜೂರ, ಜೇನು, ಗೋಧಿ, ಬಾರ್ಲಿಗಳ ಮದ್ಯವನ್ನು ಹೆಸರಿಸಿದರು. ಬಳಿಕ ಬುದ್ಧಿಯನ್ನು ಮುಚ್ಚುವುದೆಲ್ಲ ಖಮ್ರ್ ಎಂದು ವಿವರಿಸಿದರು (ಬುಖಾರಿ). ಪ್ರಶ್ನೆ ವಸ್ತುವಿನ ಹೆಸರಿನದಲ್ಲ, ಪರಿಣಾಮದ್ದು. ಹೆಚ್ಚು ಸೇವಿಸಿದರೆ ಅಮಲೇರಿಸುವ ವಸ್ತುವಿನ ಸ್ವಲ್ಪವೂ ನಿಷಿದ್ಧವೆಂದು ಪ್ರವಾದಿ(ಸ) ಕಲಿಸಿದ್ದಾರೆ (ಅಬೂದಾವೂದ್). ಹಾಗಾಗಿ 'ಸಣ್ಣ ಪ್ರಮಾಣ' ಎಂಬ ಹೊಸ ವಾದಕ್ಕೂ ಜಾಗವಿಲ್ಲ.

ಯುವಕ ಇದಕ್ಕೆ ಹೇಳಿದ: "ಇದು ಬುದ್ಧಿಯನ್ನು ಮುಚ್ಚಲಿಲ್ಲ, ತೆರೆಯಿತು." ಇಲ್ಲಿ ನಿಧಾನವಾಗಿ ಯೋಚಿಸಬೇಕು. ಕಂಪ್ಲಿಯ ರೈತ ಭತ್ತ ತೂಗುವಾಗ ತಕ್ಕಡಿಯನ್ನೇ ಯಾರೋ ಅಲುಗಾಡಿಸಿದರೆ, ಮುಳ್ಳು ಎಷ್ಟೇ ತೋರಿಸಲಿ, ಆ ತೂಕವನ್ನು ನಂಬಲಾಗದು. ಸತ್ಯ ಸುಳ್ಳನ್ನು ತೂಗಲು ಅಲ್ಲಾಹನು ಕೊಟ್ಟ ತಕ್ಕಡಿ ಬುದ್ಧಿ. ಏನು ಹೇಳುತ್ತಿದ್ದೇವೆಂದು ತಿಳಿಯದ ಅಮಲಿನ ಸ್ಥಿತಿಯಲ್ಲಿ ನಮಾಝಿನ ಹತ್ತಿರವೂ ಬರಬಾರದೆಂಬ ಆಜ್ಞೆಯ (4:43) ತಿರುಳೂ ಇದೇ. ಅಲ್ಲಾಹನ ಮುಂದೆ ನಿಲ್ಲಲು ಎಚ್ಚರ ಬೇಕು.

ಸೂಫಿಗಳ ಹೆಸರನ್ನು ಇದಕ್ಕೆ ಎಳೆತರುವುದೂ ಉಂಟು. ಹಿಂದೆ ಕೆಲವು ಫಕೀರರಲ್ಲಿ ಹಶೀಶ್ ಸೇವನೆ ಇತ್ತು ನಿಜ, ಇಂದಿಗೂ ಕೆಲವೆಡೆ ಚಿಲುಮೆ ಕಾಣಸಿಗುತ್ತದೆ. ಆದರೆ ಇಬ್ನು ತೈಮಿಯ್ಯಾ ಅದನ್ನು ಹರಾಮ್ ಎಂದರು. ಇಮಾಮ್ ಝರ್ಕಶಿ ಅದರ ನಿಷೇಧದ ಕುರಿತೇ ಪ್ರತ್ಯೇಕ ಗ್ರಂಥ ಬರೆದರು. ಬಗ್ದಾದಿನ ಜುನೈದ್(ರಹ್) ಆಧ್ಯಾತ್ಮಿಕ ಭಾವಪರವಶತೆಗಿಂತಲೂ 'ಸಹ್ವ್', ಅಂದರೆ ಎಚ್ಚರದ ಸ್ಥಿತಿಯೇ ಮೇಲೆಂದು ಬೋಧಿಸಿದರು. ಇಮಾಮ್ ಗಝಾಲಿ(ರಹ್) ಮನಸ್ಸಿನ ತೀವ್ರ ಬಿಕ್ಕಟ್ಟಿನಲ್ಲಿ 1095ರಲ್ಲಿ ಬಗ್ದಾದಿನ ಉನ್ನತ ಪೀಠವನ್ನೇ ಬಿಟ್ಟು ಹೊರಟರು. ಅವರ ದಾರಿ ಒಂದು ರಾತ್ರಿಯದಾಗಿರಲಿಲ್ಲ, ಅದು ಹಲವು ವರ್ಷಗಳ ಏಕಾಂತ ಮತ್ತು ಆರಾಧನೆಯ ದಾರಿ.

ಹಾಗಾದರೆ ಆ ಅಳು ಸುಳ್ಳೇ? ಅಲ್ಲ. ಕಣ್ಣೀರನ್ನು ಆ ಕಾಗದ ತಯಾರಿಸಲಿಲ್ಲ. ಅದು ಅಪ್ಪನ ಮರಣದ ದಿನದಿಂದಲೂ ಎದೆಯಲ್ಲಿತ್ತು. ಗಂಡಸು ಅಳಬಾರದೆಂದು ತಡೆದವರು ನಾವು. ಮಗ ಇಬ್ರಾಹೀಮ್ ತೀರಿಕೊಂಡಾಗ ಪ್ರವಾದಿ(ಸ)ರ ಕಣ್ಣಲ್ಲಿ ನೀರು ಹರಿಯಿತು, ಅದನ್ನು ಅವರು ಕರುಣೆ ಎಂದರು. ಈ ಸುನ್ನತ್ತನ್ನು ನಮ್ಮ ಮನೆಗಳಲ್ಲಿ ಕಲಿಸಿದ್ದರೆ ಆ ಹುಡುಗ ಅಳಲು ಹೊಳೆಯಾಚೆ ಹೋಗಬೇಕಿತ್ತೇ?

ಚಿಕಿತ್ಸೆಯ ವಿಷಯ ಬೇರೆ. ಶಸ್ತ್ರಚಿಕಿತ್ಸೆಯ ಅರಿವಳಿಕೆಯನ್ನು ವಿದ್ವಾಂಸರು ಅಗತ್ಯದ ಆಧಾರದಲ್ಲಿ ಅನುಮತಿಸಿದ್ದಾರೆ. 2023ರ ಜುಲೈಯಿಂದ ಆಸ್ಟ್ರೇಲಿಯಾದಲ್ಲಿ ಅಧಿಕೃತ ಮನೋವೈದ್ಯರು ಬೇರೆ ಚಿಕಿತ್ಸೆಗೆ ಬಗ್ಗದ ಖಿನ್ನತೆಗೆ ಸಿಲೋಸೈಬಿನ್ ಕೊಡಬಹುದು. ಅದು ವೈದ್ಯರ ಕೆಲಸ, ಗೆಳೆಯರದ್ದಲ್ಲ. ನಮ್ಮ ದೇಶದ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಇವೆರಡೂ ನಿಷಿದ್ಧ. ಒಂದು ಗ್ರಾಮಿನ ಹತ್ತನೇ ಒಂದು ಭಾಗ ಎಲ್‌ಎಸ್‌ಡಿಯೇ 'ವಾಣಿಜ್ಯ ಪ್ರಮಾಣ'. ಅದಕ್ಕೆ ಕನಿಷ್ಠ 10 ವರ್ಷ ಜೈಲು. ಆದರೆ ಸ್ವಂತ ಬಳಕೆಯ ಚಟಕ್ಕೆ ಬಿದ್ದವನು ತಾನಾಗಿ ಮುಂದೆ ಬಂದು ಚಿಕಿತ್ಸೆ ಪಡೆದರೆ ಅದೇ ಕಾಯ್ದೆಯ 64ಎ ಕಲಮು ಅವನಿಗೆ ರಕ್ಷಣೆ ಕೊಡುತ್ತದೆ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು.

ಆ ಯುವಕನಿಗೆ ಹೇಳಿದ್ದು ಇಷ್ಟೇ: "ಆ ದಾರಿಗೆ ತೌಬಾ ಮಾಡು, ಆ ಹಂಬಲಕ್ಕಲ್ಲ. ನಾಳೆ ಫಜ್ರ್ ಮುಗಿಸಿ ಅಪ್ಪನ ಖಬ್ರ್ ಬಳಿ ಹೋಗು. ಎಚ್ಚರದಲ್ಲೇ ಅಳು, ಅವರಿಗಾಗಿ ದುಆ ಮಾಡು. ಮೊದಲ ದಿನ ಏನೂ ಅನಿಸದಿರಬಹುದು. ಮತ್ತೆ ಹೋಗು."

ಪೋಷಕರೇ, ಮಸೀದಿಯ ಹಿರಿಯರೇ, ಇಂತಹ ಮಕ್ಕಳು ಮೂಲೆಯಲ್ಲಿ ಕಾದು ನಿಂತಾಗ ಚಪ್ಪಲಿ ಹಾಕಿಕೊಂಡು ಹೊರಡಬೇಡಿ. ಅಲ್ಲಾಹನು ನಮ್ಮ ಮಕ್ಕಳ ಬುದ್ಧಿಯನ್ನೂ ಹೃದಯವನ್ನೂ ಕಾಪಾಡಲಿ. ಆಮೀನ್.