ತುಕ್ಕು ಹಿಡಿದ ಸೈಕಲ್ಲನ್ನು ಮನೆಯಲ್ಲಿಯೇ ಸಡಿಲಿಸುವ ಬಗೆ

ಬೇಸಿಗೆಯ ರಜೆ ಕಳೆದು ಶಾಲೆ ತೆರೆದಾಗ ನಾವು ಒಂದು ಸಂಗತಿಯನ್ನು ಗಮನಿಸುತ್ತ ಬಂದಿದ್ದೇವೆ. ಹಿಂದಿನ ವರ್ಷ ಸೈಕಲ್ಲಿನ ಮೇಲೆ ಬರುತ್ತಿದ್ದ ಕೆಲವು ಮಕ್ಕಳು ಈಗ ನಡೆದು ಬರುತ್ತಾರೆ, ತಡವಾಗಿ ಬರುತ್ತಾರೆ. ಕಾರಣ ಕೇಳಿದರೆ, "ಸೀಟು ಮ್ಯಾಲ ಏಳವಲ್ದು ಸರ್" ಎನ್ನುತ್ತಾರೆ. ಮಗು ಬೆಳೆಯಿತು, ಸೀಟು ಮಾತ್ರ ತುಕ್ಕು ಹಿಡಿದು ಹಳೆಯ ಎತ್ತರದಲ್ಲಿಯೇ ನಿಂತಿತು. ಸೈಕಲ್ಲು ಗೋಡೆಗೊರಗಿತು. ಪೆದ್ದೆಮುಲ್ಲಿನ ಸುತ್ತಣ ಹಳ್ಳಿಗಳಲ್ಲಿ ಇಂತಹ ಸೈಕಲ್ಲುಗಳು ಅನೇಕ ಇರಬಹುದು. ಅವುಗಳಲ್ಲಿ ಬಹುಪಾಲು ಕೆಟ್ಟವಲ್ಲ, ಬಿಗಿದವು ಅಷ್ಟೆ.

ಬಿಗಿಯುವುದೇಕೆ? ಕಬ್ಬಿಣವು ನೀರು ಮತ್ತು ಗಾಳಿಯಲ್ಲಿನ ಆಮ್ಲಜನಕದೊಡನೆ ಕೂಡಿ ತುಕ್ಕಾಗುತ್ತದೆ. ಈ ತುಕ್ಕು ಮೂಲದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಸ್ಥಳವನ್ನು ಆಕ್ರಮಿಸುತ್ತದೆ. ನಟ್ಟು ಬೋಲ್ಟುಗಳ ನಡುವೆ ಇರುವುದು ಕೂದಲೆಳೆಯಷ್ಟು ಸಂದು. ಅದರೊಳಗೆ ತುಕ್ಕು ಉಬ್ಬಿದರೆ ಬೆಣೆ ಹೊಡೆದಂತೆ ಆಗುತ್ತದೆ. ನಮ್ಮ ಕಡೆ ತಾಂಡೂರಿನ ಕಲ್ಲಿನ ಧೂಳೂ ಎಣ್ಣೆಯೊಡನೆ ಸೇರಿ ಮಡ್ಡಿಗಟ್ಟುತ್ತದೆ.

ಇದಕ್ಕೆ ಔಷಧವು ಬಲವಲ್ಲ. ಎಣ್ಣೆ ಮತ್ತು ಕಾಲ. ಸೀಮೆಎಣ್ಣೆಗೆ, ಅದು ದೊರೆಯದಿದ್ದಲ್ಲಿ ಡೀಸೆಲಿಗೆ, ಸ್ವಲ್ಪ ಯಂತ್ರದ ಎಣ್ಣೆಯನ್ನು ಬೆರೆಸಬೇಕು. ತೆಳುವಾದ ಎಣ್ಣೆಯು ಸಣ್ಣ ಸಂದಿನೊಳಗೂ ತಾನೇ ಇಳಿಯುತ್ತದೆ. ಅಡುಗೆಮನೆಯ ಕುಸುಬೆ ಎಣ್ಣೆಯನ್ನು ಎಂದಿಗೂ ಹಾಕಕೂಡದು; ಅದು ಗಾಳಿಗೆ ಒಣಗಿ ಅಂಟಾಗುತ್ತದೆ, ಬಿಗಿತ ಇಮ್ಮಡಿಯಾಗುತ್ತದೆ.

ಸೀಟಿನ ಕೊಳವೆಯನ್ನು ಸಡಿಲಿಸುವ ಕ್ರಮ ಹೀಗೆ. ಮೊದಲು ಸೀಟಿನ ಕೆಳಗೆ ಫ್ರೇಮನ್ನು ಬಿಗಿಯುವ ಬೋಲ್ಟನ್ನು ಪೂರ್ತಿ ಸಡಿಲಿಸಿ, ಮೇಲಿನ ತುಕ್ಕನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ಸಂದಿಗೆ ನಾಲ್ಕಾರು ಹನಿ ಎಣ್ಣೆ ಬಿಟ್ಟು ರಾತ್ರಿಯೆಲ್ಲ ಹಾಗೆಯೇ ಇರಿಸಬೇಕು. ಹೀಗೆ ಎರಡು ಮೂರು ದಿನ ನಡೆಯಲಿ. ಅನಂತರ ಸೀಟನ್ನು ಹಿಡಿದು ಎಡಕ್ಕೂ ಬಲಕ್ಕೂ ತಿರುವಬೇಕು, ಮೇಲಕ್ಕೆ ಎಳೆಯಬಾರದು. ಎಳ್ಳುಕಾಳಿನಷ್ಟು ಕದಲಿದರೂ ಮತ್ತೆ ಎಣ್ಣೆ ಬಿಡಬೇಕು. ಆಗಲೂ ಕದಲದಿದ್ದರೆ ಹಿರಿಯರೊಬ್ಬರು ಫ್ರೇಮಿನ ಕೊಳವೆಯ ಹೊರಮೈಗೆ ಕುದಿನೀರನ್ನು ಸುರಿಯಲಿ. 25 ಮಿ.ಮೀ. ಅಗಲದ ಉಕ್ಕಿನ ಬಳೆಯು 70 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿಯಾದರೆ ಹಿಗ್ಗುವುದು ಸುಮಾರು 0.02 ಮಿ.ಮೀ. ಮಾತ್ರ, ಆದರೆ ತುಕ್ಕಿನ ಪದರವನ್ನು ಬಿರಿಯಿಸಲು ಅಷ್ಟೇ ಸಾಕಾಗುವುದುಂಟು. ಒಳಗಿನ ಕೊಳವೆ ಅಲ್ಯೂಮಿನಿಯಮ್ಮಿನದಾದರೆ ಬಿಸಿ ತಗಲಿಸಬಾರದು, ಏಕೆಂದರೆ ಅದು ಉಕ್ಕಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ಅದಕ್ಕೆ ಮಂಜುಗಡ್ಡೆ ಒತ್ತಿ ಕುಗ್ಗಿಸುವುದೇ ಸರಿ.

ಇನ್ನು ಪೆಡಲಿನ ವಿಷಯ. ನಾವು ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಡ ಪೆಡಲನ್ನು ಬಿಚ್ಚಲು ಒಂದು ಮುಂಜಾನೆಯೆಲ್ಲ ಬೆವರು ಸುರಿಸಿದೆವು. ಎಷ್ಟು ತಿರುಗಿಸಿದರೂ ಬರಲಿಲ್ಲ. ಕೊನೆಗೆ ಪಾನಾ ಜಾರಿ ಬೆರಳ ಗಂಟು ಸುಲಿಯಿತು. ರಿಪೇರಿ ಅಂಗಡಿಯ ಹುಡುಗನು ನಗುತ್ತ ಅದನ್ನು ವಿರುದ್ಧ ದಿಕ್ಕಿಗೆ ತಿರುಗಿಸಿದನು. ಬಿ.ಎ., ಬಿ.ಟಿ. ಓದಿದ್ದ ನಮಗೆ ಆ ದಿನ ಅವನೇ ಗುರು. ಎಡ ಪೆಡಲಿನ ತಿರುಪು ವಿಲೋಮವಾದುದು. ತುಳಿಯುವಾಗ ಪೆಡಲಿನ ಅಚ್ಚು ತನ್ನ ರಂಧ್ರದಲ್ಲಿ ಸೂಕ್ಷ್ಮವಾಗಿ ಉರುಳುತ್ತದೆ. ಅಲ್ಲಿಯೂ ಸಾಮಾನ್ಯ ತಿರುಪನ್ನೇ ಇಟ್ಟಿದ್ದರೆ ಪೆಡಲು ದಾರಿಯಲ್ಲಿ ತಾನೇ ಕಳಚಿಕೊಳ್ಳುತ್ತಿತ್ತು. ಸುಲಭವಾದ ಸೂತ್ರವಿದು: ಪಾನಾದ ಹಿಡಿಕೆ ಮೇಲ್ಮುಖವಾಗಿರುವಂತೆ ತೊಡಿಸಿ, ಅದನ್ನು ಹಿಂದಿನ ಗಾಲಿಯ ಕಡೆಗೆ ಎಳೆದರೆ ಎರಡು ಪೆಡಲುಗಳೂ ಬಿಚ್ಚುತ್ತವೆ. ದಿಕ್ಕನ್ನು ಅರಿಯದೆ ಬಲವನ್ನು ಪ್ರಯೋಗಿಸುವುದು ವ್ಯರ್ಥ.

ಕೆಲವು ಎಚ್ಚರಿಕೆಗಳು ಅವಶ್ಯ. ಕೆಲಸವು ಅಂಗಳದಲ್ಲಿ ನಡೆಯಲಿ. ಒಲೆ, ದೀಪ, ಬೀಡಿ ಯಾವುದೂ ಹತ್ತಿರ ಇರಕೂಡದು. ಎಣ್ಣೆ ತಾಗಿದ ಭಾಗಕ್ಕೆ ಬೆಂಕಿ ತೋರಿಸಲೇಬಾರದು. ಗಾಲಿಯ ರಿಮ್ಮಿಗೂ ಬ್ರೇಕಿನ ರಬ್ಬರಿಗೂ ಎಣ್ಣೆ ಸೋಕಿದರೆ ಬ್ರೇಕು ಹಿಡಿಯದು. ಅಳತೆಗೆ ಸರಿಯಾದ ಪಾನಾ ಇಲ್ಲದಿದ್ದರೆ, ಅಥವಾ ಫ್ರೇಮಿನಲ್ಲಿ ಬಿರುಕು ಕಂಡರೆ, ಅಲ್ಲಿಗೇ ನಿಲ್ಲಿಸಿ ಅಂಗಡಿಗೆ ಒಯ್ಯುವುದೇ ಲೇಸು.

ಕೊಳವೆ ಹೊರಬಂದ ಮೇಲೆ ಒರೆಸಿ, ಗ್ರೀಸು ಸವರಿ ಮತ್ತೆ ಇಳಿಸಬೇಕು. ಕೊಳವೆಯ ಮೇಲೆ ಗುರುತಿನ ಗೆರೆಯಿದ್ದರೆ ಅದು ಹೊರಗೆ ಕಾಣುವಷ್ಟು ಎತ್ತರಿಸಬಾರದು. ಪ್ರತಿವರ್ಷ ಮಳೆಗಾಲಕ್ಕೆ ಮುನ್ನ ಹೀಗೆ ಗ್ರೀಸು ಸವರಿದರೆ ಮತ್ತೆ ಬಿಗಿಯುವ ಭಯ ಬಹಳ ಕಡಿಮೆ.

ತಂದೆತಾಯಿಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಗೋಡೆಗೊರಗಿದ ಸೈಕಲ್ಲನ್ನು ಗುಜರಿಗೆ ಹಾಕುವ ಮೊದಲು ಅದಕ್ಕೆ ಮೂರು ರಾತ್ರಿಯ ಎಣ್ಣೆಯನ್ನು ಕೊಡಿರಿ. ಮಕ್ಕಳನ್ನೂ ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳಿರಿ. ಸೀಟು ಎರಡು ಅಂಗುಲ ಮೇಲೆದ್ದರೆ ಆ ಮಗುವು ಮೊದಲ ಗಂಟೆಗೆ ಸರಿಯಾಗಿ ತರಗತಿಯಲ್ಲಿ ಇರುತ್ತದೆ.