ಹಾಲು, ಹಾಳು ಮತ್ತು ಕಂಪ್ಯೂಟರಿನ ಲೆಕ್ಕ

ಹೆಸರನ್ನು ತಪ್ಪಾಗಿ ಟೈಪ್ ಮಾಡಿದರೂ ಸರಿಯಾದದ್ದೇ ತೆರೆಯ ಮೇಲೆ ಬಂದರೆ, ಕಂಪ್ಯೂಟರು ಅದರ ಉಚ್ಚಾರಣೆಯನ್ನು ಕೇಳಿಸಿಕೊಂಡಿತು ಎಂದು ಬಹಳ ಜನ ನಂಬುತ್ತಾರೆ. ಅದು ಏನನ್ನೂ ಕೇಳಿಸಿಕೊಂಡಿರುವುದಿಲ್ಲ. ಈ ಕೆಲಸಕ್ಕೆ ಹೆಸರುವಾಸಿಯಾದ ಸೌಂಡೆಕ್ಸ್ ವಿಧಾನ ಹುಟ್ಟಿದ್ದೇ ಎಲೆಕ್ಟ್ರಾನಿಕ್ ಕಂಪ್ಯೂಟರಿಗಿಂತ ಮೊದಲು. ಅಮೆರಿಕದ ರಾಬರ್ಟ್ ರಸೆಲ್ 1918ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. 1930ರ ದಶಕದಲ್ಲಿ ಗುಮಾಸ್ತರು ಆ ದೇಶದ ಹಳೆಯ ಜನಗಣತಿಯ ಹೆಸರುಗಳನ್ನು ಕಾರ್ಡುಗಳ ಮೇಲೆ ಬರೆದು ಇದೇ ಕ್ರಮದಲ್ಲಿ ಜೋಡಿಸಿದರು. ನಿಯಮ ಸರಳ: ಮೊದಲ ಅಕ್ಷರವನ್ನು ಉಳಿಸಿಕೊಳ್ಳಿ, ಮುಂದಿನ ಸ್ವರಗಳನ್ನೂ ಎಚ್, ಡಬ್ಲ್ಯು, ವೈಗಳನ್ನೂ ಬಿಡಿ, ಉಳಿದ ವ್ಯಂಜನಗಳಿಗೆ ಗುಂಪಿಗೊಂದರಂತೆ 1ರಿಂದ 6ರವರೆಗಿನ ಅಂಕಿ ಕೊಡಿ, ಒಂದೇ ಅಂಕಿ ಪಕ್ಕಪಕ್ಕ ಬಂದರೆ ಒಮ್ಮೆ ಮಾತ್ರ ಬರೆಯಿರಿ, ಮೂರು ಅಂಕಿಗೆ ನಿಲ್ಲಿಸಿ, ಸಾಲದಿದ್ದರೆ ಸೊನ್ನೆ ತುಂಬಿ.

ನಮ್ಮ ಹೆಸರುಗಳನ್ನು ಅದರ ಮುಂದಿಟ್ಟು ನೋಡೋಣ. ಇಂಗ್ಲಿಷ್ ಲಿಪಿಯಲ್ಲಿ ಲಕ್ಷ್ಮಿಯನ್ನು ಕೆ-ಎಸ್-ಎಚ್ ಹಾಕಿ ಬರೆದರೂ ಎಕ್ಸ್ ಹಾಕಿ ಬರೆದರೂ ಸಿಗುವುದು ಎಲ್250. ಭೇಷ್ ಎನ್ನಬಹುದು. ಆದರೆ ಗೌಡ ಮತ್ತು ಗೀತಾ ಇಬ್ಬರಿಗೂ ಜಿ300! ವಸಂತನನ್ನು ಒಬ್ಬರು ವಿ ಇಂದ, ಇನ್ನೊಬ್ಬರು ಡಬ್ಲ್ಯು ಇಂದ ಆರಂಭಿಸಿದರೆ ಒಬ್ಬನೇ ಇಬ್ಬರಾಗುತ್ತಾನೆ. ಆ ಗುಂಪುಗಳನ್ನು ಮಾಡಿದ್ದು ಅಮೆರಿಕದ ಮನೆತನದ ಹೆಸರುಗಳಿಗೆ. ಪೂರ್ವ ಯುರೋಪಿನ ಯಹೂದಿಗಳ ಹೆಸರುಗಳಿಗೂ ಅವು ಒಗ್ಗಲಿಲ್ಲವೆಂದೇ 1985ರಲ್ಲಿ ಡೈಚ್–ಮೊಕೊಟೊಫ್ ಎಂಬ ಬೇರೆ ಪದ್ಧತಿ ಬಂತು.

ಕನ್ನಡ ನುಡಿದಂತೆ ಬರೆಯುವ ಭಾಷೆ, ನಮಗೆ ಈ ತೊಡಕೇ ಇಲ್ಲ ಎನ್ನುವವರಿದ್ದಾರೆ. ಅಭಿಮಾನ ಸರಿ, ಮಾತು ಸರಿಯಲ್ಲ. ಸಂಬಂಧ ಎಷ್ಟೋ ಫಲಕಗಳಲ್ಲಿ ಸಂಭಂದ ಆಗಿರುತ್ತದೆ, ವಿಶೇಷ ವಿಷೇಶವಾಗಿರುತ್ತದೆ. ಹಲವರ ಆಡುಮಾತಿನಲ್ಲಿ ಮಹಾಪ್ರಾಣವಿಲ್ಲ, ಶ-ಷ ಭೇದವೂ ಕಿವಿಗೆ ಬೀಳುವುದಿಲ್ಲ. ತಪ್ಪು ನುಸುಳುವುದು ಅಲ್ಲಿಂದಲೇ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರ ‘ಹೊಸಬರಹ’ ಪದ್ಧತಿಯಲ್ಲಿ ಭಾಷೆ ಎಂಬುದು ಬೇಕೆಂದೇ ಬಾಶೆ. ಇದರ ಜೊತೆಗೆ ಕಣ್ಣಿಗೆ ಕಾಣದ ಇನ್ನೊಂದು ತೊಡಕಿದೆ. ಯೂನಿಕೋಡ್‌ನಲ್ಲಿ ‘ಕೊ’ದ ಒತ್ವವನ್ನು ಒಂದೇ ಸಂಕೇತವಾಗಿ ಇಡಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತಗಳಾಗಿಯೂ ಇಡಬಹುದು. ನಮ್ಮ ಕಣ್ಣಿಗೆ ಎರಡೂ ಒಂದೇ. ಮೊದಲೇ ಏಕರೂಪಕ್ಕೆ ತರದಿದ್ದರೆ ಯಂತ್ರಕ್ಕೆ ಅವು ಬೇರೆ ಬೇರೆ ಪದಗಳು.

ಹಾಗಾದರೆ ಎಷ್ಟು ಅಕ್ಷರ ಬೇರೆ ಎಂದು ಎಣಿಸಿದರಾಯಿತಲ್ಲ? ರಷ್ಯಾದ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಸ್ಟೈನ್ 1965ರಲ್ಲಿ ಮುಂದಿಟ್ಟ ಅಳತೆ ಅದೇ: ಸೇರಿಸಿ, ತೆಗೆದು, ಬದಲಿಸಿ ಒಂದು ಪದವನ್ನು ಇನ್ನೊಂದಾಗಿಸಲು ಕನಿಷ್ಠ ಎಷ್ಟು ತಿದ್ದುಪಡಿ ಬೇಕು? ಆದರೆ ಹಾಲು-ಹಾಳು ನಡುವಿನ ಅಂತರ 1, ಸಂಬಂಧ-ಸಂಭಂದ ನಡುವಿನದು 2. ಬೇರೆ ಪದಗಳು ಹತ್ತಿರ, ಒಂದೇ ಪದದ ಎರಡು ಬರವಣಿಗೆಗಳು ದೂರ. ಏನನ್ನು ಎಣಿಸುತ್ತೇವೆ ಎಂಬುದೂ ಮುಖ್ಯ. ‘ಲಕ್ಷ್ಮಿ’ಯಲ್ಲಿ ನಾವು ಓದುವುದು ಎರಡು ಅಕ್ಷರ, ಕಂಪ್ಯೂಟರ್ ಕಾಣುವುದು ಏಳು ಸಂಕೇತ.

ಕನ್ನಡಕ್ಕೆ ಬೇಕಾದದ್ದು ಕನ್ನಡದ ತಪ್ಪುಗಳನ್ನೇ ಬಲ್ಲ ಅಳತೆ. ಬ-ಭ, ಶ-ಷ ಬದಲಾದರೆ ಕಡಿಮೆ ದಂಡ. ಕ ಹೋಗಿ ಮ ಬಂದರೆ ಪೂರ್ತಿ ದಂಡ. ಸಂಪತ್ತು, ಸಮ್ಪತ್ತು ಒಂದೇ ಎಂದು ಅದಕ್ಕೆ ಗೊತ್ತಿರಬೇಕು. ಆದರೂ ಮಹಾಪ್ರಾಣಗಳನ್ನು ಕಣ್ಣುಮುಚ್ಚಿ ಅಳಿಸಿದರೆ ಧನ ಹುಡುಕುವವರಿಗೆ ದನ ಸಿಗುತ್ತದೆ. ನಿಘಂಟಿನ ಹುಡುಕಾಟದಲ್ಲಿ ಇದರಿಂದ ದೊಡ್ಡ ನಷ್ಟವೇನಿಲ್ಲ, ಓದುಗರೇ ಆರಿಸಿಕೊಳ್ಳುತ್ತಾರೆ.

ಪಹಣಿ, ಪಿಂಚಣಿ, ಪಡಿತರದ ಪಟ್ಟಿಗಳಲ್ಲಿ ಹಾಗಲ್ಲ. ಹೆಸರು ಹೊಂದಿದರೆ ವ್ಯಕ್ತಿ ಒಬ್ಬನೇ, ಹೊಂದದಿದ್ದರೆ ಬೇರೆ ಎನ್ನುವುದು ನನ್ನ ಪ್ರಕಾರ ಎಲ್ಲಕ್ಕಿಂತ ಅಪಾಯದ ನಂಬಿಕೆ. ಯಂತ್ರ ಕೊಡುವುದು ಹೋಲಿಕೆಯ ಅಂಕ ಮಾತ್ರ. ಎಷ್ಟು ಅಂಕ ಬಂದರೆ ಸಾಕು ಎಂಬ ಗೆರೆ ಎಳೆದವರು ಮನುಷ್ಯರು. ಗೆರೆಯನ್ನು ಮೇಲಿಟ್ಟರೆ ಕೃಷ್ಣಮೂರ್ತಿ ಎಂಬ ಒಬ್ಬರೇ ಎರಡು ದಾಖಲೆಗಳಲ್ಲಿ ಇಬ್ಬರಾಗುತ್ತಾರೆ, ಕೆಳಗಿಟ್ಟರೆ ಇಬ್ಬರು ಒಬ್ಬರಾಗುತ್ತಾರೆ. ಅದಕ್ಕೇ ಹೆಸರಿನ ಜೊತೆಗೆ ತಂದೆ ಅಥವಾ ತಾಯಿಯ ಹೆಸರು, ಊರು, ಹುಟ್ಟಿದ ದಿನವನ್ನೂ ಹೋಲಿಸಬೇಕು. ಗೆರೆಯ ಆಸುಪಾಸಿನ ಅರ್ಜಿಯನ್ನು ತಿರಸ್ಕರಿಸುವ ಮುನ್ನ ಒಬ್ಬ ಅಧಿಕಾರಿ ಅದನ್ನು ಓದಬೇಕು. ಅರ್ಜಿದಾರರು ಬರೆದ ಮೂಲ ರೂಪವನ್ನು ಯಾವ ತಂತ್ರಾಂಶವೂ ತಿದ್ದಿ ಅಳಿಸಬಾರದು.