ಅಜ್ಜಿಯ ಮುಖ ಎಲೆಗಳಲ್ಲಿ ಕಳೆದುಹೋಗುವುದೇಕೆ?

ಪ್ರಶ್ನೆ: ಹೊಸದಾಗಿ ಕ್ಯಾಮೆರಾ ಕೊಂಡಿದ್ದೇನೆ. ಪಾರ್ಕಿನಲ್ಲಿ ಅಜ್ಜಿಯ ಕಪ್ಪು-ಬಿಳುಪು ಫೋಟೊ ತೆಗೆದರೆ ಎಲ್ಲವೂ ಮಂಕಾಗಿ ಕಾಣುತ್ತದೆ. ಏನು ಮಾಡಲಿ?
– ಓದುಗರು, ಬಸವೇಶ್ವರನಗರ

ಉತ್ತರ: ಬಣ್ಣ ಹೋದ ಮೇಲೆ ಉಳಿಯುವುದು ಬೆಳಕಿನ ಹೆಚ್ಚುಕಡಿಮೆ ಮಾತ್ರ. ಕೆಂಪು ಸೀರೆ, ಹಸಿರೆಲೆ ಕಣ್ಣಿಗೆ ಬೇರೆಬೇರೆ. ಕಪ್ಪು-ಬಿಳುಪಿನಲ್ಲಿ ಎರಡೂ ಒಂದೇ ಬೂದು ಬಣ್ಣಕ್ಕೆ ತಿರುಗಬಹುದು. ಆದ್ದರಿಂದ ಮುಖಕ್ಕಿಂತ ಗಾಢವಾದ ಹಿನ್ನೆಲೆ ಹುಡುಕಿ.

ನಡುಮಧ್ಯಾಹ್ನದ ಬಿಸಿಲು ಕಣ್ಣಗುಳಿಗಳಲ್ಲಿ ನೆರಳು ತುಂಬುತ್ತದೆ. ಬೆಳಿಗ್ಗೆ 8ರೊಳಗೆ, ಇಲ್ಲವೇ ಸಂಜೆ 5ರ ನಂತರ ಹೋಗಿ. ಅಜ್ಜಿಯನ್ನು ಮರದ ನೆರಳಿನ ಅಂಚಿನಲ್ಲಿ, ತೆರೆದ ಆಕಾಶಕ್ಕೆ ಮುಖಮಾಡಿ ಕೂರಿಸಿ. ಮೃದುವಾದ ಬೆಳಕು ಮುಖ ತುಂಬುತ್ತದೆ, ಕಣ್ಣಲ್ಲಿ ಹೊಳಪಿನ ಚುಕ್ಕಿ ಮೂಡುತ್ತದೆ. ಫೋಕಸ್ ನಿಮಗೆ ಹತ್ತಿರವಿರುವ ಕಣ್ಣಿನ ಮೇಲಿರಲಿ.

ಕ್ಯಾಮೆರಾದಲ್ಲಿ ‘ರಾ’ (ಸಂಸ್ಕರಿಸದ) ಫೈಲ್ ಆಗಿ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಕಪ್ಪು-ಬಿಳುಪು ಮಾಡಿ. ಆಗ ಕಿತ್ತಳೆ ಬಣ್ಣದ ಹೊಳಪನ್ನು ಏರಿಸಿದರೆ ಚರ್ಮ ಬೆಳಗುತ್ತದೆ. ಹಳದಿ, ಹಸಿರನ್ನು ಇಳಿಸಿದರೆ ಎಲೆಗಳು ಕಪ್ಪಾಗುತ್ತವೆ.

ಮೈಸೂರಿನ ಛಾಯಾಗ್ರಾಹಕ ಟಿ. ಎಸ್. ಸತ್ಯನ್ (1923–2009) ಅವರ ಕಪ್ಪು-ಬಿಳುಪು ಚಿತ್ರಗಳನ್ನು ಬಿಡುವಾಗಿ ನೋಡಿ. ಜನಸಾಮಾನ್ಯರ ಮುಖಗಳನ್ನು ಅವರು ಎಷ್ಟು ಅಕ್ಕರೆಯಿಂದ ಕಂಡರೆಂಬುದು ತಿಳಿಯುತ್ತದೆ. ನೀವೂ ಮೊದಲು ಅಜ್ಜಿಯನ್ನು ಮಾತಿಗೆಳೆಯಿರಿ. ನೆನಪು ಮುಖಕ್ಕೆ ಬಂದ ಕ್ಷಣ ಕ್ಲಿಕ್ಕಿಸಿ.